ಬರೆದುದನ್ನೇ ಮತ್ತೆ ಬಳಸುವ ವಿವೇಕ

ನಮ್ಮ ಮನೆಗಳ ಮಕ್ಕಳು ಅನೇಕರು ಇಂದು ಗಣಕಯಂತ್ರದ ಉದ್ಯೋಗದಲ್ಲಿದ್ದಾರೆ. ಅವರ ಮಾತಿನಲ್ಲಿ 'ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್' ಎಂಬ ಹೆಸರು ಆಗಾಗ ಕೇಳಿಬರುತ್ತದೆ. ಇದರ ತಿರುಳು ಹಿರಿಯರಿಗೂ ನಿಲುಕದಂಥದೇನಲ್ಲ.

ಬ್ಯಾಂಕಿನ ಖಾತೆಯನ್ನೇ ತೆಗೆದುಕೊಳ್ಳೋಣ. ಖಾತೆಯಲ್ಲಿರುವ ಶಿಲ್ಕು ಒಂದು ಮಾಹಿತಿ. ಹಣ ತುಂಬುವುದು, ತೆಗೆಯುವುದು ಅದಕ್ಕೆ ಸಂಬಂಧಿಸಿದ ಕ್ರಿಯೆಗಳು. ಮಾಹಿತಿಯನ್ನೂ ಕ್ರಿಯೆಗಳನ್ನೂ ಒಂದೇ ಅಚ್ಚಿನಲ್ಲಿ ಕೂಡಿಸಿಡುವುದು ಈ ಪದ್ಧತಿಯ ಮೂಲ. ಅಚ್ಚಿಗೆ 'ಕ್ಲಾಸ್' ಎಂದೂ, ಅದರಿಂದ ಮೂಡುವ ಒಂದೊಂದು ಖಾತೆಗೆ 'ಆಬ್ಜೆಕ್ಟ್' ಎಂದೂ ಹೆಸರು. ನಿಗದಿಯಾದ ಕ್ರಿಯೆಗಳ ಮೂಲಕವಲ್ಲದೆ ಶಿಲ್ಕನ್ನು ಯಾರೂ ತಿದ್ದದಂತೆ ಕಟ್ಟು ಹಾಕಬಹುದು. ಉಳಿತಾಯ ಖಾತೆ ಬೇಕಾದಾಗ ಮೂಲ ಅಚ್ಚನ್ನು ಆಧರಿಸಿ ಬಡ್ಡಿಯ ಲೆಕ್ಕವನ್ನಷ್ಟೇ ಸೇರಿಸಿದರೆ ಸಾಕು. ಮೂಲದಲ್ಲಿ ದೋಷ ಕಂಡುಬಂದರೆ ಒಂದೆಡೆ ತಿದ್ದಿದುದು ಎಲ್ಲೆಡೆಗೂ ಸಲ್ಲುತ್ತದೆ. ಶ್ರಮ, ಕಾಲ, ಹಣ ಮೂರೂ ಉಳಿಯುತ್ತವೆ.

ನಾರ್ವೆಯ ಓಸ್ಲೋ ನಗರದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಎಂಬ ವಿದ್ವಾಂಸರು ರೂಪಿಸಿದ 'ಸಿಮುಲಾ 67' ಎಂಬ ಗಣಕಭಾಷೆ ಈ ಪದ್ಧತಿಗೆ ತಳಹದಿಯಾಯಿತು. 2001ರ ಟ್ಯೂರಿಂಗ್ ಪ್ರಶಸ್ತಿ ಇವರಿಬ್ಬರಿಗೆ ಸಂದಿತು.

ಆದರೆ ಯಾವ ಪದ್ಧತಿಯಲ್ಲೇ ಆಗಲಿ, ಮರುಬಳಕೆಗೆ ವಿವೇಕ ಜೊತೆಗಿರಬೇಕು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರೂ ನೆಲೆಯಿಂದ ಯುರೋಪಿನ 'ಏರಿಯಾನ್ 5' ರಾಕೆಟ್ ತನ್ನ ಮೊದಲ ಹಾರಾಟಕ್ಕೆ ಎದ್ದಿತು. ಅದರ ಗತಿ-ದಿಕ್ಕುಗಳನ್ನು ಅಳೆಯುವ ತಂತ್ರಾಂಶ ಹಿಂದಿನ 'ಏರಿಯಾನ್ 4'ರಿಂದ ಬಂದುದು. ಅಲ್ಲಿ ಅದು ನಿರ್ದುಷ್ಟವಾಗಿ ದುಡಿದಿತ್ತು. ಹೊಸ ರಾಕೆಟ್ಟಿನ ಅಡ್ಡಗತಿ ಹಳೆಯದಕ್ಕಿಂತ ಬಹಳ ಹೆಚ್ಚು. ಆ ಗತಿಗೆ ಸಂಬಂಧಿಸಿದ ಒಂದು ಸಂಖ್ಯೆ, 32,767ಕ್ಕಿಂತ ದೊಡ್ಡದನ್ನು ಹಿಡಿಯಲಾರದ ಸ್ಥಾನಕ್ಕೆ ತುಂಬಲು ಹೋಗಿ ಉಕ್ಕಿತು. ಆಪತ್ತಿಗೆಂದು ಇರಿಸಿದ್ದ ಎರಡನೆಯ ಗಣಕದಲ್ಲೂ ಅದೇ ತಂತ್ರಾಂಶವಿದ್ದುದರಿಂದ ಎರಡೂ ಕೈಕೊಟ್ಟವು. ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ಟೂ ಅದರೊಳಗಿನ 4 ಉಪಗ್ರಹಗಳೂ ನಾಶವಾದವು. ವಿಷಾದದ ಸಂಗತಿಯೆಂದರೆ, ಆ ಲೆಕ್ಕಕ್ಕೆ ಹೊಸ ರಾಕೆಟ್ಟು ನೆಲ ಬಿಟ್ಟ ಮೇಲೆ ಯಾವ ಪ್ರಯೋಜನವೂ ಇರಲಿಲ್ಲ.

ಹಳೆಯದನ್ನು ಬಳಸಿದುದು ಇಲ್ಲಿ ದೋಷವಲ್ಲ. ಅದು ಎಷ್ಟರ ಮಟ್ಟಿಗೆ ಸಲ್ಲುತ್ತದೆಂಬ ಎಲ್ಲೆಯನ್ನು ಹೊಸ ಸಂದರ್ಭದಲ್ಲಿ ಪರೀಕ್ಷಿಸದುದು ದೋಷ. ಆದುದರಿಂದ ತರುಣರಲ್ಲಿ ನಮ್ಮ ಸೂಚನೆಯಿಷ್ಟೆ: ಪರರು ಬರೆದುದನ್ನು ಸಂಕೋಚವಿಲ್ಲದೆ ಬಳಸಿರಿ, ಆದರೆ ಅದರ ಎಲ್ಲೆಯನ್ನು ಅರಿತು ಬಳಸಿರಿ. ನೀವು ಬರೆದುದರ ಎಲ್ಲೆಯನ್ನೂ ಅದರೊಡನೆಯೇ ಸ್ಪಷ್ಟವಾಗಿ ಬರೆದಿಡಿರಿ. ಮುಂದೆ ಅದನ್ನು ಕೈಗೆತ್ತಿಕೊಳ್ಳುವವರ ಬಳಿ ನೀವಿರುವುದಿಲ್ಲ. ನಿಮ್ಮ ಬರಹವಷ್ಟೇ ಇರುತ್ತದೆ.