ಗರ್ಜಿಸುವ ಸಿಂಹವೂ ನಾನು ಫಾರ್ವರ್ಡ್ ಮಾಡಿದ ಫೋಟೋವೂ

ಟಾಮ್ ಅಂಡ್ ಜೆರ್ರಿ ನೋಡದೆ ಬೆಳೆದವರು ನಮ್ಮ ತರಗತಿಯಲ್ಲಿ ಯಾರೂ ಇರಲಿಕ್ಕಿಲ್ಲ. ಬೆಕ್ಕು ಇಲಿ ಬರುವ ಮೊದಲು ಒಂದು ಸಿಂಹ ಬರುತ್ತಿತ್ತಲ್ಲ, ಚಿನ್ನದ ಬಣ್ಣದ ಉಂಗುರದೊಳಗಿಂದ ತಲೆ ಹಾಕಿ ಗರ್ಜಿಸುವ ಸಿಂಹ? ಅದು ಎಂಜಿಎಂ ಎಂಬ ಅಮೆರಿಕದ ಚಿತ್ರ ಕಂಪನಿಯ ಲಾಂಛನ. ಕಳೆದ ವರ್ಷ ನಮ್ಮ ಕ್ಲಾಸ್ ವಾಟ್ಸಾಪ್ ಗ್ರೂಪಿಗೆ ನಾನೊಂದು ಫೋಟೋ ಹಾಕಿದ್ದೆ. ಸಿಂಹವೊಂದನ್ನು ಮೇಜಿನ ಮೇಲೆ ಮಲಗಿಸಿ ಕಟ್ಟಲಾಗಿದೆ, ಅದರ ತಲೆ ಒಂದು ದುಂಡನೆಯ ಯಂತ್ರದ ಬಾಯಲ್ಲಿದೆ. 'ಎಂಜಿಎಂ ಲೋಗೋ ಚಿತ್ರೀಕರಿಸಿದ್ದು ಹೀಗೆ' ಎಂದು ಕೆಳಗೆ ಬರೆದಿತ್ತು. ಅಳುವ ಮುಖದ ಇಮೋಜಿಗಳು ಸಾಲಾಗಿ ಬಂದವು. ನಾನೂ ಎರಡು ಹಾಕಿದೆ.

ಆ ಫೋಟೋ ಲಾಂಛನದ್ದಲ್ಲ. ಇಸ್ರೇಲಿನ ಪಶು ಆಸ್ಪತ್ರೆಯೊಂದರಲ್ಲಿ ಕಾಯಿಲೆ ಬಿದ್ದ ಸಿಂಹಕ್ಕೆ ಸ್ಕ್ಯಾನ್ ಮಾಡುವಾಗ ತೆಗೆದದ್ದು. ಚಿಕಿತ್ಸೆ ಕೊಡುತ್ತಿದ್ದ ವೈದ್ಯರನ್ನು ನಾವು ಕಟುಕರನ್ನಾಗಿ ಮಾಡಿ ಹಂಚಿಬಿಟ್ಟಿದ್ದೆವು. ನಾಚಿಕೆಯಾಯಿತು. ಆಮೇಲೆ ಆ ಲಾಂಛನದ ನಿಜವಾದ ಕಥೆ ಏನೆಂದು ಹುಡುಕಲು ಕುಳಿತೆ.

ಸಿಂಹವನ್ನು ಆರಿಸಿದ್ದು ಹೋವರ್ಡ್ ಡೀಟ್ಜ್ ಎಂಬ ಪ್ರಚಾರದ ಕೆಲಸದವರು, 1916ರಲ್ಲಿ, ಗೋಲ್ಡ್‌ವಿನ್ ಎಂಬ ಕಂಪನಿಗಾಗಿ. ಅವರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದ ಆಟಗಾರರ ತಂಡದ ಗುರುತು ಸಿಂಹ. ಅದನ್ನೇ ತಂದರು. (ಕಾಲೇಜಿನ ಅಭಿಮಾನ ಎಲ್ಲಿಯವರೆಗೆ ಹೋಗುತ್ತದೆ ನೋಡಿ!) 1924ರಲ್ಲಿ ಮೂರು ಕಂಪನಿಗಳು ಸೇರಿ ಮೆಟ್ರೋ ಗೋಲ್ಡ್‌ವಿನ್ ಮೇಯರ್ ಆದಾಗ ಸಿಂಹವೂ ಜೊತೆಗೆ ಬಂತು. ಆಗ ತೆರೆಯ ಮೇಲೆ ಬಂದದ್ದು ಡಬ್ಲಿನ್ ಮೃಗಾಲಯದಲ್ಲಿ ಹುಟ್ಟಿದ ಸ್ಲಾಟ್ಸ್. ಅದು ಮೂಕಿ ಚಿತ್ರಗಳ ಕಾಲ. ಸ್ಲಾಟ್ಸ್ ಗರ್ಜಿಸುವುದಿಲ್ಲ, ಸುಮ್ಮನೆ ಆಚೆ ಈಚೆ ನೋಡುತ್ತದೆ. ಹಳೆಯ ಆ ತುಣುಕು ನನಗೆ ಉಳಿದೆಲ್ಲದಕ್ಕಿಂತ ಇಷ್ಟವಾಯಿತು. ಗರ್ಜಿಸು ಎಂದು ಯಾರೂ ಅದನ್ನು ಪೀಡಿಸಿದಂತೆ ಕಾಣುವುದಿಲ್ಲ.

1928ರಲ್ಲಿ ಜಾಕಿ ಬಂತು. ಪರದೆಯ ಮೇಲಿನ ಈ ಸಿಂಹದ ಗರ್ಜನೆಯನ್ನು ಪ್ರೇಕ್ಷಕರು ಮೊದಲು ಕೇಳಿದ್ದು ಆಗಲೇ, ಅದೂ ಗ್ರಾಮಫೋನ್ ತಟ್ಟೆಯಿಂದ. ಕಪ್ಪು ಬಿಳುಪು ಚಿತ್ರಗಳ ಮುಂದೆ ಜಾಕಿಯೇ ಬಹುಕಾಲ ಇತ್ತು. ಬಣ್ಣದ ಚಿತ್ರಗಳು ಬಂದಾಗ ಟ್ಯಾನರ್ ಬಂತು. ನಾವು ಟಾಮ್ ಅಂಡ್ ಜೆರ್ರಿಯ ಮುಂದೆ ನೋಡಿದ್ದು ಹೆಚ್ಚಾಗಿ ಇದನ್ನೇ. 1957ರಿಂದ ಲಿಯೋ. ಅರುವತ್ತಕ್ಕೂ ಹೆಚ್ಚು ವರ್ಷ ಇದರ ಮುಖವೇ ನಡೆಯಿತು. ಮಧ್ಯೆ 1960ರ ದಶಕದಲ್ಲಿ ಸಿಂಹದ ಮುಖವನ್ನು ಬರೀ ಗೆರೆಗಳ ಚಿತ್ರವಾಗಿಸಿ ನೋಡಿದ್ದರು. ಸ್ಟಾನ್ಲಿ ಕುಬ್ರಿಕ್ ಅವರ '2001: ಎ ಸ್ಪೇಸ್ ಒಡಿಸ್ಸಿ' ಶುರುವಾಗುವುದು ಅದರಿಂದಲೇ. ಬೆರಳೆಣಿಕೆಯ ಚಿತ್ರಗಳ ನಂತರ ಅದನ್ನು ಕೈಬಿಟ್ಟು ಮತ್ತೆ ಲಿಯೋಗೆ ಮರಳಿದರು.

ಇನ್ನು ನಾನು ಹೇಳಬೇಕೆಂದಿರುವ ವಿಷಯ. 1927ರ ಸೆಪ್ಟೆಂಬರಿನಲ್ಲಿ ಇದೇ ಕಂಪನಿ ಪ್ರಚಾರಕ್ಕಾಗಿ ತನ್ನ ಸಿಂಹವೊಂದನ್ನು ವಿಮಾನದಲ್ಲಿ ಹಾಕಿ ಸ್ಯಾನ್ ಡಿಯಾಗೋದಿಂದ ನ್ಯೂಯಾರ್ಕಿಗೆ ಕಳಿಸಿತು. ವಿಮಾನದೊಳಗೇ ಪಂಜರ. ಅಟ್ಲಾಂಟಿಕ್ ಸಾಗರವನ್ನು ವಿಮಾನದಲ್ಲಿ ಒಬ್ಬರೇ ದಾಟಿ ಲಿಂಡ್‌ಬರ್ಗ್ ಲೋಕಪ್ರಸಿದ್ಧರಾದ ವರ್ಷ ಅದು. ವಿಮಾನ ಎಂದರೆ ಪತ್ರಿಕೆಯಲ್ಲಿ ಸುದ್ದಿ ಖಂಡಿತ. ಅರಿಜೋನಾದ ಕಾಡು ಕಣಿವೆಯಲ್ಲಿ ವಿಮಾನ ಬಿದ್ದಿತು. ಪೈಲಟ್ ಮಾರ್ಟಿನ್ ಜೆನ್ಸನ್ ಬದುಕಿ, ಸಹಾಯ ಹುಡುಕುತ್ತಾ ದಿನಗಟ್ಟಲೆ ನಡೆದರು. ಸಿಂಹ ಅಷ್ಟು ದಿನವೂ ಒಡೆದ ವಿಮಾನದ ಪಂಜರದಲ್ಲೇ ಇತ್ತು. ಜನ ಹುಡುಕಿಕೊಂಡು ಹೋದಾಗ ಜೀವಂತವಾಗಿ ಸಿಕ್ಕಿತು.

ಇದು ನಡೆದ ಘಟನೆ. ಆದರೆ ಇದನ್ನು ನನಗೆ ಯಾರೂ ಫಾರ್ವರ್ಡ್ ಮಾಡಿರಲಿಲ್ಲ. ಸುಳ್ಳು ಫೋಟೋಕ್ಕೆ ಕಣ್ಣೀರು ಹಾಕಿದ ನಮಗೆ ನಿಜವಾಗಿ ಕಷ್ಟಪಟ್ಟ ಪ್ರಾಣಿಯ ಸುದ್ದಿಯೇ ಗೊತ್ತಿರಲಿಲ್ಲ. ಸುಳ್ಳು ಹಬ್ಬಿಸಿದರೆ ಏನು ನಷ್ಟ, ಉದ್ದೇಶ ಒಳ್ಳೆಯದಲ್ಲವೇ ಎಂದು ಗೆಳೆಯನೊಬ್ಬ ಕೇಳಿದ್ದ. ನಷ್ಟ ಇದೇ. ಸುಳ್ಳು ಬಯಲಾದ ದಿನ 'ಓಹೋ, ಅದೆಲ್ಲ ಬರೀ ಕಟ್ಟುಕಥೆ' ಎಂದು ಜನ ನಿಜವನ್ನೂ ಸೇರಿಸಿಯೇ ಕಸದ ಬುಟ್ಟಿಗೆ ಹಾಕುತ್ತಾರೆ.

2021ರಲ್ಲಿ ಎಂಜಿಎಂ ತನ್ನ ಲಾಂಛನವನ್ನು ಪೂರ್ತಿ ಕಂಪ್ಯೂಟರಿನಲ್ಲಿ ಮಾಡಿಸಿತು. ಲಿಯೋನನ್ನು ಹೋಲುವ ಸಿಂಹವೇ, ಆದರೆ ಒಂದೊಂದು ಕೂದಲೂ ಕೃತಕ. 'ಕಲೆಗಾಗಿ ಕಲೆ' ಎಂಬ ಅರ್ಥದ ಲ್ಯಾಟಿನ್ ವಾಕ್ಯ ಈಗ ಮೊದಲು ಇಂಗ್ಲಿಷಿನಲ್ಲಿ ಕಾಣಿಸಿ ಆಮೇಲೆ ಲ್ಯಾಟಿನ್ ಆಗುತ್ತದೆ. ಮರುವರ್ಷ ಕಂಪನಿಯನ್ನೇ ಅಮೆಜಾನ್ ಕೊಂಡಿತು. 'ನಿಜವಾದ ಸಿಂಹ ಹೋಯಿತು, ಆತ್ಮವೇ ಹೋಯಿತು' ಎಂದು ಹಳೆಯ ಸಿನಿಮಾ ಪ್ರಿಯರು ಮರುಗುತ್ತಾರೆ. ನಾನು ಒಪ್ಪುವುದಿಲ್ಲ. ಅಷ್ಟಕ್ಕೂ ಅವರು ಕೇಳುತ್ತಿದ್ದ ಗರ್ಜನೆಯಾದರೂ ಎಷ್ಟು ನಿಜ? 1980ರ ದಶಕದಲ್ಲಿ ಆ ಧ್ವನಿಯನ್ನು ಹೊಸದಾಗಿ ಕೂಡಿಸಿದವರು ಮಾರ್ಕ್ ಮ್ಯಾಂಗಿನಿ. ಸಿಂಹದ ಕೂಗು ಬೇಕಾದಷ್ಟು ಭಯಂಕರವಾಗಿರುವುದಿಲ್ಲವೆಂದು ಅವರು ಹುಲಿಯ ಧ್ವನಿ ಬಳಸಿದರು. ಸಿಂಹದ ಬಾಯಿ, ಹುಲಿಯ ಗಂಟಲು! ನಲವತ್ತು ವರ್ಷ ಯಾರಿಗೂ ಅದು ತೊಂದರೆ ಕೊಡಲಿಲ್ಲ.

ಆದ್ದರಿಂದ ಕಂಪ್ಯೂಟರ್ ಸಿಂಹದಿಂದ ಕಲೆಗೆ ಅನ್ಯಾಯವಾಯಿತೆಂಬ ಮಾತು ನನಗೆ ಹಿಡಿಸದು. ಲಾಂಛನ ಮೊದಲಿನಿಂದಲೂ ಕಟ್ಟಿದ ದೃಶ್ಯವೇ. ಈಗ ಅದಕ್ಕೆ ಜೀವಂತ ಪ್ರಾಣಿ ಬೇಕಿಲ್ಲ, ಪಂಜರ ಬೇಕಿಲ್ಲ, ವಿಮಾನವಂತೂ ಬೇಡವೇ ಬೇಡ. ನೋಡಲು ಸ್ವಲ್ಪ ಗಾಜಿನ ಗೊಂಬೆಯಂತಿದೆ, ನಿಜ. ಅಷ್ಟನ್ನು ಸಹಿಸಿಕೊಳ್ಳಬಹುದು.

ತಪ್ಪಾಯಿತೆಂದು ಗ್ರೂಪಿನಲ್ಲಿ ಬರೆದೆ. ವಿಮಾನದ ಕಥೆಯನ್ನೂ ನಾಲ್ಕು ಸಾಲಿನಲ್ಲಿ ಹಾಕಿದೆ. ಇಬ್ಬರು ಹೆಬ್ಬೆರಳು ಒತ್ತಿದರು. ಹೋದ ವಾರ ಅದೇ ಆಸ್ಪತ್ರೆಯ ಫೋಟೋ ನಮ್ಮ ಕುಟುಂಬದ ಗ್ರೂಪಿಗೆ ಬಂತು. ಕಳಿಸಿದವರು ನನ್ನ ದೊಡ್ಡ ಮಾವ. ಅವರಿಗೆ ಹೇಗೆ ಹೇಳುವುದೆಂದು ಇನ್ನೂ ಯೋಚಿಸುತ್ತಿದ್ದೇನೆ.