ಆಪರೇಷನ್ ಹಗಲಿಗೆ ಮುಗಿದರೂ ಹೊಣೆ ರಾತ್ರಿಗೂ ಇರಲಿ



ತೊಗರಿ ರಾಶಿಯಾಗಿ, ಕಬ್ಬು ಕಾರ್ಖಾನೆಗೆ ಸಾಗಿದ ಮೇಲೆ ನಮ್ಮ ರೈತ ಕುಟುಂಬಗಳು ಮುಂದೂಡಿದ್ದ ಆಪರೇಷನ್‌ಗಳನ್ನು ಮಾಡಿಸಿಕೊಳ್ಳುತ್ತವೆ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ ಮುಂತಾದವಕ್ಕೆ ಈಗ ಅನೇಕ ಕಡೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಖರ್ಚು ಕಡಿಮೆ, ದನಕರುಗಳಿಗೆ ಬೇರೆಯವರನ್ನು ಹುಡುಕಬೇಕಿಲ್ಲ. ಇದು ಒಳ್ಳೆಯದೇ. ಆದರೆ ಇಂಥ ಕೇಂದ್ರಗಳಿಗೆ ಪರವಾನಗಿ ಕೊಡುವಾಗ ಸರ್ಕಾರವು ಕೊಠಡಿ, ಹಾಸಿಗೆಗಳನ್ನು ಎಣಿಸಿದರೆ ಸಾಲದು. ರೋಗಿ ಮನೆಗೆ ಹೋದ ಮೇಲಿನ ರಾತ್ರಿಗೆ ಹೊಣೆ ಯಾರು ಎಂದೂ ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ರಂಗಾರೆಡ್ಡಿ ಜಿಲ್ಲೆಯ ಇಬ್ರಾಹಿಂಪಟ್ಟಣದ ಸರ್ಕಾರಿ ಆಸ್ಪತ್ರೆಯಲ್ಲಿ 2022ರ ಆಗಸ್ಟ್ 25ರಂದು 34 ಮಹಿಳೆಯರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ಮನೆಗೆ ಹೋದ ಮೇಲೆ ಕೆಲವರ ಆರೋಗ್ಯ ಕೆಟ್ಟು, ಕೆಲವೇ ದಿನಗಳಲ್ಲಿ 4 ಮಂದಿ ತೀರಿಕೊಂಡರು. ಅಪಾಯ ಕಾಣಿಸಿಕೊಂಡದ್ದು ಆಪರೇಷನ್ ಮೇಜಿನ ಮೇಲಲ್ಲ, ಮನೆಯಲ್ಲಿ ಎಂಬುದನ್ನು ಮರೆಯಬಾರದು.

ತೆಲಂಗಾಣದಲ್ಲಿ ಮೊದಲು ಖಾಸಗಿ ಆಸ್ಪತ್ರೆಗಳಿಗೆ ಆಂಧ್ರದ 2002ರ ಕಾಯ್ದೆ ಇತ್ತು. ಬಳಿಕ ರಾಜ್ಯವು ಕೇಂದ್ರದ 2010ರ ಕಾಯ್ದೆಯನ್ನು ಒಪ್ಪಿಕೊಂಡಿತು. ಇದರಲ್ಲಿ ಸರ್ಕಾರಿ ಆಸ್ಪತ್ರೆಯೂ, ಒಬ್ಬರೇ ವೈದ್ಯರ ಕ್ಲಿನಿಕ್ಕೂ ಸೇರುತ್ತವೆ. ನೋಂದಣಿ ಪ್ರಾಧಿಕಾರಕ್ಕೆ ಕಲೆಕ್ಟರರೇ ಅಧ್ಯಕ್ಷರು. ನೋಂದಣಿಯಿಲ್ಲದೆ ನಡೆಸಿದರೆ ಮೊದಲ ಸಲ 50,000 ರೂಪಾಯಿವರೆಗೆ, ಎರಡನೆಯ ಸಲ 2 ಲಕ್ಷದವರೆಗೆ, ನಂತರ 5 ಲಕ್ಷದವರೆಗೆ ದಂಡ. ನೋಂದಣಿ ಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ದರಪಟ್ಟಿ ಸ್ಥಳೀಯ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಇರಬೇಕು.

ಜಹೀರಾಬಾದ್, ನಾರಾಯಣಖೇಡದವರು ಬೀದರಿಗೂ ತಾಂಡೂರಿನವರು ಸೇಡಂ, ಕಲಬುರಗಿಗೂ ಚಿಕಿತ್ಸೆಗೆ ಹೋಗುವುದುಂಟು. ಅಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಕರ್ನಾಟಕದ 2007ರ ಕಾಯ್ದೆ ಅನ್ವಯಿಸುತ್ತದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ತಂದು ರೋಗಿಗಳ ಹಕ್ಕುಗಳನ್ನು ಸೇರಿಸಲಾಯಿತು. ಈ ಕಾಯ್ದೆಯಡಿ ದೂರು ಕೊಡಬೇಕಾದದ್ದು ಆಪರೇಷನ್ ನಡೆದ ಜಿಲ್ಲೆಯಲ್ಲೇ ಹೊರತು ನಮ್ಮ ಊರಿನ ಜಿಲ್ಲೆಯಲ್ಲಲ್ಲ ಎಂಬುದು ನೆನಪಿರಲಿ.

ನಿಯಮ ಬಿಗಿಯಾದರೆ ಸಣ್ಣ ಆಸ್ಪತ್ರೆಗಳು ಮುಚ್ಚಿ, ಜನ ಸುಮಾರು 100 ಕಿ.ಮೀ. ದೂರದ ಹೈದರಾಬಾದಿಗೆ ಹೋಗಬೇಕಾದೀತು ಎಂದು ಕೆಲವು ವೈದ್ಯರು ಹೇಳಬಹುದು. ಈ ಮಾತು ಸುಳ್ಳಲ್ಲ. ಆದರೆ ನಾವು ಕೇಳುವುದು ದುಬಾರಿ ಯಂತ್ರಗಳನ್ನಲ್ಲ. ಯಾವ ಆಪರೇಷನ್‌ಗಳಿಗೆ ಅನುಮತಿಯಿದೆ ಎಂಬುದು ಪರವಾನಗಿಯಲ್ಲಿ ಸ್ಪಷ್ಟವಾಗಿರಲಿ. ರಾತ್ರಿ ಫೋನ್ ಎತ್ತುವ ವೈದ್ಯರಿರಲಿ. ತೊಂದರೆಯಾದರೆ ಸೇರಿಸಿಕೊಳ್ಳುವ ಆಸ್ಪತ್ರೆ ಮೊದಲೇ ಗೊತ್ತಾಗಿರಲಿ. ಮನೆಗೆ ಕಳಿಸುವಾಗ ಕೊಡುವ ಚೀಟಿ ರೋಗಿಗೆ ಓದಲು ಬರುವ ಭಾಷೆಯಲ್ಲಿರಲಿ. ತೆಲುಗು ಮಾತಾಡಿದರೂ ಕನ್ನಡ ಮಾತ್ರ ಓದಬಲ್ಲ ಹಿರಿಯರು ನಮ್ಮ ಗಡಿ ಊರುಗಳಲ್ಲಿದ್ದಾರೆ.

ಕಾನೂನು ಬದಲಾಗುವ ತನಕ ನಾವೇ ಎಚ್ಚರದಿಂದಿರೋಣ. ಹಣ ಕಟ್ಟುವ ಮುನ್ನ ನೋಂದಣಿ ಪತ್ರ ನೋಡಿ, ಅದರ ಅವಧಿ ಮುಗಿದಿಲ್ಲವೇ ಪರೀಕ್ಷಿಸಿ. ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ. ಹರ್ನಿಯಾ ಆಪರೇಷನ್ ಆದವರು ವೈದ್ಯರು ಹೇಳುವ ತನಕ ಮೂಟೆ ಎತ್ತಬೇಡಿರಿ. ಜ್ವರ, ವಾಂತಿ, ಹೊಟ್ಟೆನೋವು, ಗಾಯದಲ್ಲಿ ಕೀವು, ನಿಲ್ಲದ ರಕ್ತ, ಮೂತ್ರ ಕಟ್ಟುವುದು, ಕಣ್ಣಿನಲ್ಲಿ ನೋವು ಅಥವಾ ದೃಷ್ಟಿ ಮಂದವಾಗುವುದು ಕಂಡರೆ ಬೆಳಗಾಗಲೆಂದು ಕಾಯಬೇಡಿರಿ. ತಕ್ಷಣ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿರಿ.