ಜನಾಭಿಪ್ರಾಯವೆಂಬ ಅಗುಳು

ಪಾತ್ರೆಯ ಅನ್ನ ಬೆಂದಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಗೃಹಿಣಿಯು ಪಾತ್ರೆಯ ಅನ್ನವನ್ನೆಲ್ಲ ಉಂಡು ನೋಡುವುದಿಲ್ಲ. ಒಂದು ಅಗುಳನ್ನು ತೆಗೆದು ಬೆರಳುಗಳ ನಡುವೆ ಹಿಚುಕಿದರೆ ಸಾಕು, ಪಾತ್ರೆಯ ಸಮಾಚಾರವೆಲ್ಲ ಆಕೆಗೆ ತಿಳಿದುಹೋಗುತ್ತದೆ. ಸಿರುಗುಪ್ಪದ ಭತ್ತದ ವ್ಯಾಪಾರಿಯ ರೀತಿಯೂ ಇದೇ. ಅವನು ಚೀಲವನ್ನು ನೆಲಕ್ಕೆ ಸುರಿಸುವುದಿಲ್ಲ. ಮೊನಚಾದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ಅಂಗೈಗೆ ಬಿದ್ದ ನಾಲ್ಕು ಕಾಳನ್ನು ಉಜ್ಜಿ ನೋಡಿ ಬೆಲೆ ಹೇಳುತ್ತಾನೆ. ಚುನಾವಣೆ ಸಮೀಪಿಸಿದೊಡನೆ ಪತ್ರಿಕೆಗಳಲ್ಲಿಯೂ ಟಿ.ವಿ. ವಾಹಿನಿಗಳಲ್ಲಿಯೂ ಮೆರೆಯುವ ಜನಾಭಿಪ್ರಾಯ ಸಮೀಕ್ಷೆಯ ಶಾಸ್ತ್ರವೂ ಮೂಲದಲ್ಲಿ ಇಷ್ಟೇ.

ಈ ಶಾಸ್ತ್ರವನ್ನು ಕಂತೆಪುರಾಣವೆಂದು ತಳ್ಳಿಹಾಕುವವರುಂಟು. ಅದು ಸರಿಯಲ್ಲ. ಯಾವ ಪಕ್ಷಪಾತವೂ ಇಲ್ಲದೆ, ಚೀಟಿ ಎತ್ತಿದಂತೆ ಆರಿಸಿದ ಒಂದು ಸಾವಿರ ಜನರನ್ನು ಕೇಳಿದರೆ, ಬರುವ ಉತ್ತರವು ನೂರರಲ್ಲಿ ತೊಂಬತ್ತೈದು ಸಲ ನಿಜಸ್ಥಿತಿಗಿಂತ ಶೇಕಡಾ ೩ರಷ್ಟು ಮಾತ್ರ ಆಚೀಚೆಯಾಗಿರುತ್ತದೆಂದು ಗಣಿತವು ತೋರಿಸಿಕೊಟ್ಟಿದೆ. ಈ ತಪ್ಪನ್ನು ಅರ್ಧಕ್ಕೆ ಇಳಿಸಬೇಕೆಂದರೆ ಕೇಳುವ ಜನರನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. ಊರು ಕುರುಗೋಡಿನಷ್ಟು ಚಿಕ್ಕದಿರಲಿ, ಬೆಂಗಳೂರಿನಷ್ಟು ದೊಡ್ಡದಿರಲಿ, ಲೆಕ್ಕವು ಹೆಚ್ಚುಕಡಿಮೆ ಒಂದೇ. ಆದರೆ ಇದಕ್ಕೊಂದು ಷರತ್ತಿದೆ. ಅಗುಳನ್ನು ತೆಗೆಯುವ ಮೊದಲು ಅನ್ನವನ್ನು ಚೆನ್ನಾಗಿ ತಿರುವಿರಬೇಕು. ತಳದ ಅಕ್ಕಿ ಸೀದಿದ್ದು ಮೇಲಿನದು ಅರೆಬೆಂದಿದ್ದರೆ, ಮೇಲಿನ ಅಗುಳು ತಳದ ಸುದ್ದಿಯನ್ನು ಹೇಗೆ ತಾನೆ ಹೇಳೀತು?

ಅಮೆರಿಕೆಯು ಈ ಪಾಠವನ್ನು ಕಲಿತದ್ದು ೧೯೩೬ರಲ್ಲಿ, ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ. ‘ಲಿಟರರಿ ಡೈಜೆಸ್ಟ್’ ಎಂಬ ಪ್ರಖ್ಯಾತ ವಾರಪತ್ರಿಕೆಯು ಸುಮಾರು ಒಂದು ಕೋಟಿ ಜನರಿಗೆ ಅಂಚೆಯ ಮೂಲಕ ಮತಚೀಟಿಗಳನ್ನು ಕಳುಹಿಸಿತು. ಇಪ್ಪತ್ತು ಲಕ್ಷಕ್ಕೂ ಮಿಕ್ಕು ಉತ್ತರಗಳು ಬಂದವು. ಅವನ್ನು ಎಣಿಸಿ, ರೂಸ್‌ವೆಲ್ಟರು ಸೋಲುವರೆಂದು ಪತ್ರಿಕೆಯು ಸಾರಿತು. ಜಾರ್ಜ್ ಗ್ಯಾಲಪ್ ಎಂಬಾತನು ಸುಮಾರು ಐವತ್ತು ಸಾವಿರ ಜನರನ್ನಷ್ಟೇ ಕೇಳಿ, ರೂಸ್‌ವೆಲ್ಟರೇ ಗೆಲ್ಲುವರೆಂದನು. ರೂಸ್‌ವೆಲ್ಟರು ೪೮ ರಾಜ್ಯಗಳಲ್ಲಿ ೪೬ನ್ನು ಗೆದ್ದರು. ಎರಡು ವರ್ಷದೊಳಗೆ ಪತ್ರಿಕೆಯು ಕಣ್ಣು ಮುಚ್ಚಿತು. ಪತ್ರಿಕೆಯವರು ವಿಳಾಸಗಳನ್ನು ಹೆಕ್ಕಿದ್ದು ಬಹುಮಟ್ಟಿಗೆ ದೂರವಾಣಿ ಪಟ್ಟಿಗಳಿಂದ ಮತ್ತು ಮೋಟಾರು ಕಾರುಗಳ ನೋಂದಣಿಯಿಂದ. ಹೊತ್ತಿನ ಊಟಕ್ಕೇ ತತ್ವಾರವಾಗಿದ್ದ ಕಾಲದಲ್ಲಿ ಫೋನು, ಕಾರುಗಳನ್ನು ಉಳಿಸಿಕೊಂಡವರು ಯಾರು? ಕೆಲಸ ಕಳೆದುಕೊಂಡವನ ಮನೆಗೆ ಮತಚೀಟಿಯೇ ತಲುಪಲಿಲ್ಲ. ಬಂದ ಚೀಟಿಗಳನ್ನು ಮರಳಿಸುವ ಉತ್ಸಾಹವೂ ರೂಸ್‌ವೆಲ್ಟರ ವಿರೋಧಿಗಳಲ್ಲಿಯೇ ಹೆಚ್ಚಾಗಿತ್ತು.

ಈ ಕಥೆಯನ್ನು ಬಳ್ಳಾರಿ ಜಿಲ್ಲೆಗೆ ತಂದು ಹೊಂದಿಸಿ ನೋಡುವುದು ಉಚಿತವಾಗಿದೆ. ಏಕೆಂದರೆ ಐಶ್ವರ್ಯದ ಏರಿಳಿತವನ್ನು ಈ ಜಿಲ್ಲೆಯಷ್ಟು ತೀವ್ರವಾಗಿ ಕಂಡ ಪ್ರದೇಶಗಳು ನಾಡಿನಲ್ಲಿ ವಿರಳ. ೨೦೦೮ರ ಕೊನೆಯಲ್ಲಿ ಜಗತ್ತಿನ ಮಾರುಕಟ್ಟೆಗಳು ಕುಸಿದಾಗ ಕಬ್ಬಿಣದ ಅದಿರಿನ ಬೆಲೆಯೂ ಥಟ್ಟನೆ ಇಳಿಯಿತು. ಮರುವರ್ಷವೇ ಲೋಕಸಭೆಯ ಚುನಾವಣೆ. ಬಳ್ಳಾರಿ ಕ್ಷೇತ್ರದಲ್ಲಿ ಭಾರತೀಯ ಜನತಾ ಪಕ್ಷದ ಜೆ. ಶಾಂತಾ ಅವರು ಕಾಂಗ್ರೆಸ್ಸಿನ ಎನ್.ವೈ. ಹನುಮಂತಪ್ಪನವರನ್ನು ಸೋಲಿಸಿದ ಅಂತರ ೨,೨೪೩ ಮತಗಳು. ಚಲಾವಣೆಯಾದ ಮತಗಳಲ್ಲಿ ಶೇಕಡಾ ಅರ್ಧದಷ್ಟೂ ಅಲ್ಲ. ಸಾವಿರ ಜನರನ್ನು ಕೇಳಿ ಶೇಕಡಾ ೩ರ ತಪ್ಪನ್ನು ಒಪ್ಪಿಕೊಳ್ಳುವ ಸಮೀಕ್ಷೆಯು ಅಂಥ ಕದನದ ಫಲವನ್ನು ಮೊದಲೇ ಹೇಳಿದ್ದರೆ, ಅದು ಶಾಸ್ತ್ರವಾಗುತ್ತಿರಲಿಲ್ಲ, ಕಣಿಯಾಗುತ್ತಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ೨೦೧೧ರಲ್ಲಿ. ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿಯು ಜುಲೈ ೨೭ರಂದು ಸರ್ಕಾರದ ಕೈಸೇರಿತು. ಎರಡು ದಿನಗಳಲ್ಲಿ, ಜುಲೈ ೨೯ರಂದು, ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಆ ತಿಂಗಳ ಕೊನೆಗೆ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆಯಿತ್ತರು. ಬೆಟ್ಟಗಳನ್ನು ಬಗೆದು ಒಯ್ಯುತ್ತಿದ್ದುದು ನಿಂತಿತೆಂದು ನಾಡು ನಿಟ್ಟುಸಿರಿಟ್ಟಿತು. ಆದರೆ ಸಾಲ ಮಾಡಿ ಲಾರಿ ಕೊಂಡವನು, ಅದರ ಚಾಲಕ, ಕ್ಲೀನರ್, ಟೈರಿಗೆ ತೇಪೆ ಹಾಕುವವನು, ದಾರಿಬದಿಯಲ್ಲಿ ಚಹಾ ಮಾರುವವನು—ಇವರೆಲ್ಲರ ಒಲೆಗಳೂ ಅದೇ ವಾರದಲ್ಲಿ ತಣ್ಣಗಾದವು.

ಇಂಥವನೊಬ್ಬನ ಮುಂದೆ ಸಮೀಕ್ಷಕನು ಕಾಗದ ಹಿಡಿದು ನಿಂತನೆಂದು ಇಟ್ಟುಕೊಳ್ಳೋಣ. “ಗಣಿಗಳನ್ನು ನಿಲ್ಲಿಸಿದ್ದು ಸರಿಯೇ?” ಎಂದು ಕೇಳಿದರೆ ಅವನು “ಸರಿ” ಎಂದಾನು. “ನಿಮ್ಮ ಮನೆಯ ಸ್ಥಿತಿ ಹೋದ ವರ್ಷಕ್ಕಿಂತ ಹೇಗಿದೆ?” ಎಂದು ಕೇಳಿದರೆ “ಕೆಟ್ಟಿದೆ” ಎಂದಾನು. ಎರಡೂ ನಿಜ. ಮೊದಲ ಪ್ರಶ್ನೆಯನ್ನು ಮಾತ್ರ ಕೇಳಿದ ಪತ್ರಿಕೆಯು ಜನರು ಸಂತುಷ್ಟರಾಗಿದ್ದಾರೆಂದು ಬರೆಯುತ್ತದೆ. ಎರಡನೆಯದನ್ನು ಮಾತ್ರ ಕೇಳಿದ್ದು ಜನರು ಸಿಟ್ಟಾಗಿದ್ದಾರೆಂದು ಬರೆಯುತ್ತದೆ. ಆ ನವೆಂಬರಿನಲ್ಲಿ ಬಳ್ಳಾರಿ ಗ್ರಾಮೀಣ ಕ್ಷೇತ್ರದ ಉಪಚುನಾವಣೆ ನಡೆದು, ಪಕ್ಷೇತರರಾಗಿ ನಿಂತ ಶ್ರೀರಾಮುಲು ಅವರು ನಲವತ್ತು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ರಾಜಧಾನಿಯಲ್ಲಿ ಕುಳಿತು ವರದಿಯ ಪುಟಗಳನ್ನು ಮಾತ್ರ ಓದಿದವರಿಗೆ ಈ ಫಲಿತಾಂಶವು ಒಗಟಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಇನ್ನು, ‘ಬಳ್ಳಾರಿಯ ಜನಾಭಿಪ್ರಾಯ’ ಎಂಬ ಒಂದೇ ವಸ್ತು ಇದೆಯೇ ಎಂಬುದನ್ನೂ ವಿಚಾರಿಸಬೇಕು. ನಗರದಲ್ಲಿ ಜೀನ್ಸ್ ಹೊಲಿಯುವ ಮನೆಗಳ ಚಿಂತೆ ಬಟ್ಟೆಯ ಬೆಲೆ, ವಿದ್ಯುತ್ತು ಮತ್ತು ಬೇಡಿಕೆ. ಸಿರುಗುಪ್ಪದ ಭತ್ತದ ರೈತನ ಕಣ್ಣು ತುಂಗಭದ್ರೆಯ ಕಾಲುವೆಯ ಮೇಲೆ. ಗಣಿ ನಿಂತರೂ ಅವನಿಗೆ ನೀರು ಬಂದರೆ ಸುಭಿಕ್ಷ. ದೊಡ್ಡಬಸವೇಶ್ವರನ ಊರಾದ ಕುರುಗೋಡಿನ ಸುತ್ತಮುತ್ತ ಮೆಣಸಿನಕಾಯಿ ಬೆಳೆಯುವವನ ಭವಿಷ್ಯವು ದೂರದ ಬ್ಯಾಡಗಿ ಮಾರುಕಟ್ಟೆಯಲ್ಲಿ ತೂಗುತ್ತದೆ. ೨೦೨೪ರ ಮಾರ್ಚ್ ತಿಂಗಳಲ್ಲಿ ಅಲ್ಲಿ ಬೆಲೆ ಕುಸಿದು, ರೊಚ್ಚಿಗೆದ್ದ ರೈತರು ವಾಹನಗಳಿಗೆ ಬೆಂಕಿಯಿಟ್ಟದ್ದನ್ನು ಓದುಗರು ಮರೆತಿರಲಾರರು. ಒಂದೇ ಜಿಲ್ಲೆಯಲ್ಲಿ ಒಬ್ಬನಿಗೆ ಇಳಿಗಾಲವಾದದ್ದು ಇನ್ನೊಬ್ಬನಿಗೆ ಸಾಧಾರಣ ವರ್ಷ.

ಫಲಿತಾಂಶಗಳೂ ಇದಕ್ಕೆ ಸಾಕ್ಷಿ. ೨೦೧೩ರ ವಿಧಾನಸಭಾ ಚುನಾವಣೆಯಲ್ಲಿ ಬಳ್ಳಾರಿ ನಗರವೂ ಸಿರುಗುಪ್ಪವೂ ಕಾಂಗ್ರೆಸ್ಸಿಗೆ ಒಲಿದವು; ಕುರುಗೋಡು ಸೇರಿದ ಕಂಪ್ಲಿ ಕ್ಷೇತ್ರವು ಶ್ರೀರಾಮುಲು ಅವರ ಹೊಸ ಪಕ್ಷದತ್ತ ವಾಲಿತು. ಹತ್ತು ವರ್ಷಗಳ ತರುವಾಯ, ೨೦೨೩ರಲ್ಲಿ, ಮೂರೂ ಕಾಂಗ್ರೆಸ್ಸಿಗೇ ಬಂದವು. ಸಾಲದುದಕ್ಕೆ, ಲೋಕಸಭೆಯ ಚುನಾವಣೆಯಲ್ಲಿ ಸಿರುಗುಪ್ಪವು ಬಳ್ಳಾರಿಗೆ ಸೇರದೆ ಕೊಪ್ಪಳ ಕ್ಷೇತ್ರಕ್ಕೆ ಸೇರುತ್ತದೆ. ಜಿಲ್ಲೆಯ ಹೆಸರಿನಲ್ಲಿ ಹೊರಡುವ ಒಂದು ಅಂಕಿಯು ಇಷ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಮೌನವಾಗಿರುತ್ತದೆ.

ಇದೆಲ್ಲಕ್ಕಿಂತ ಗಹನವಾದ ತೊಡಕು ಇನ್ನೊಂದಿದೆ. ಈ ಸೀಮೆಯಲ್ಲಿ ದುರ್ಭಿಕ್ಷ ಬಂದಾಗ ಬಡವರು ‘ಗುಳೆ’ ಹೋಗುತ್ತಾರೆ. ಗಂಟುಮೂಟೆ ಕಟ್ಟಿ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು, ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ನಡೆಯುತ್ತಾರೆ. ಸಮೀಕ್ಷಕನು ಮತದಾರರ ಪಟ್ಟಿಯನ್ನು ಹಿಡಿದು ಆ ಮನೆಗೆ ಬಂದರೆ ಕಾಣುವುದು ಬಾಗಿಲಿನ ಬೀಗ. ಅವನು ಪಕ್ಕದ ಮನೆಯನ್ನು ಕೇಳಿಕೊಂಡು ಹೋಗುತ್ತಾನೆ. ಪಕ್ಕದ ಮನೆಯವರು ಊರು ಬಿಡದೆ ಉಳಿದವರು. ಅಂದರೆ ಅಷ್ಟರಮಟ್ಟಿಗೆ ಅನುಕೂಲಸ್ಥರು. ಹೀಗೆ, ಕಷ್ಟ ಹೆಚ್ಚಿದಷ್ಟೂ ಕಷ್ಟಕ್ಕೆ ಸಿಕ್ಕವನು ಎಣಿಕೆಯಿಂದ ಜಾರಿಹೋಗುತ್ತಾನೆ. ಅಮೆರಿಕೆಯ ದೂರವಾಣಿ ಪಟ್ಟಿಯು ಮಾಡಿದ ಕೆಲಸವನ್ನು ಇಲ್ಲಿ ಬೀಗವು ಮಾಡುತ್ತದೆ. ಮನೆಯಲ್ಲಿಯೇ ಇದ್ದವರಾದರೂ ಅಪರಿಚಿತನೆದುರು ಮನಸ್ಸು ಬಿಚ್ಚುವರೆ? ಪಡಿತರವೋ ಪಿಂಚಣಿಯೋ ತಪ್ಪೀತೆಂಬ ಅಳುಕು ಒಂದು ಕಡೆ. ಗಂಡನು ಹೇಳಿದ ಉತ್ತರವೇ ಹೆಂಡತಿಯದೂ ಎಂದು ಬರೆದುಕೊಳ್ಳುವ ಅವಸರ ಮತ್ತೊಂದು ಕಡೆ.

ಸರ್ಕಾರದ ಸಂಸ್ಥೆಗಳೂ ಜನರ ಮನಸ್ಸನ್ನು ಅಳೆಯುವುದುಂಟು. ರಿಸರ್ವ್ ಬ್ಯಾಂಕು ನಡೆಸುವ ಗ್ರಾಹಕರ ವಿಶ್ವಾಸ ಸಮೀಕ್ಷೆಯಲ್ಲಿ ಉದ್ಯೋಗ, ಬೆಲೆ, ಆದಾಯ, ಖರ್ಚುಗಳು ಕಳೆದ ವರ್ಷಕ್ಕಿಂತ ಉತ್ತಮವೋ ಕನಿಷ್ಠವೋ ಎಂದು ಕೇಳಿ ಸೂಚ್ಯಂಕ ಕಟ್ಟುತ್ತಾರೆ. ನೂರು ಬಂದರೆ ಸಮಸ್ಥಿತಿ. ಕೊರೋನಾ ಪಿಡುಗಿನ ೨೦೨೧ರ ಮೇ ತಿಂಗಳಲ್ಲಿ ಅದು ೪೮.೫ಕ್ಕೆ ಇಳಿಯಿತು. ಪ್ರಾಮಾಣಿಕವಾದ ಲೆಕ್ಕವೇ ಸರಿ; ಆದರೆ ಅದನ್ನು ಹದಿಮೂರು ಮಹಾನಗರಗಳಲ್ಲಿ ಕೇಳಿದ್ದು. ಕರ್ನಾಟಕದ ಪರವಾಗಿ ಬೆಂಗಳೂರು ಉತ್ತರ ಕೊಟ್ಟಿತು. ಬಳ್ಳಾರಿಯನ್ನು ಯಾರೂ ಕೇಳಲಿಲ್ಲ.

ಬಳ್ಳಾರಿಯನ್ನು ಕೇಳಿದ ಕಾಲವೂ ಒಂದಿತ್ತು. ೧೯೫೩ರಲ್ಲಿ ಆಂಧ್ರ ರಾಜ್ಯವು ರೂಪುಗೊಳ್ಳುವಾಗ ಬಳ್ಳಾರಿ ತಾಲ್ಲೂಕು ಎಲ್ಲಿಗೆ ಸೇರಬೇಕೆಂಬ ವಿವಾದವೆದ್ದು, ನ್ಯಾಯಮೂರ್ತಿ ಮಿಶ್ರಾ ಅವರು ಅದರ ವಿಚಾರಣೆಗೆ ನೇಮಕವಾದರು. ಅವರು ಬಳ್ಳಾರಿಗೆ ಬಂದು ಸ್ಥಳದಲ್ಲಿಯೇ ಜನರ ಅಹವಾಲುಗಳನ್ನು ಆಲಿಸಿ ಶಿಫಾರಸು ಮಾಡಿದ ಮೇಲೆ, ಅಕ್ಟೋಬರ್ ೧ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿತು. ಅದು ಅಂಕಿ ಅಂಶಗಳ ಸಮೀಕ್ಷೆಯಲ್ಲ, ನಿಜ. ಆದರೂ ಉತ್ತರ ಕೊಡುವವನ ಊರಿಗೆ ಹೋಗಿ, ಅವನ ಮಾತನ್ನು ಪೂರ್ತಿಯಾಗಿ ಕೇಳುವ ವ್ಯವಧಾನ ಅದರಲ್ಲಿತ್ತು.

ಹಾಗಾದರೆ ಮನೆಯಲ್ಲಿ ಕುಳಿತು ಸಮೀಕ್ಷೆಯನ್ನು ಓದುವ ಸಾಮಾನ್ಯ ಕುಟುಂಬವು ಏನು ಮಾಡಬೇಕು? ಕಾಯಿಪಲ್ಲೆ ಕೊಳ್ಳುವಾಗ ತೋರುವ ಎಚ್ಚರವನ್ನೇ ಇಲ್ಲಿಯೂ ತೋರಿದರೆ ಸಾಕು. ಎಷ್ಟು ಜನರನ್ನು ಕೇಳಿದರು? ಅವರನ್ನು ಆರಿಸಿದ ಬಗೆ ಹೇಗೆ? ಮನೆಗೆ ಹೋಗಿ ಕೇಳಿದರೋ, ಫೋನಿನಲ್ಲಿಯೋ? ಕೇಳಿದ ಪ್ರಶ್ನೆಯ ಮಾತುಗಳೇನು? ಇದರ ಖರ್ಚನ್ನು ಕೊಟ್ಟವರು ಯಾರು? ಈ ಐದಕ್ಕೆ ಉತ್ತರವಿಲ್ಲದ ಸಮೀಕ್ಷೆಯನ್ನು ವಿನೋದಕ್ಕೆಂದು ಓದಬಹುದು, ನಂಬಬೇಕಾಗಿಲ್ಲ. ೨೦೨೪ರ ಲೋಕಸಭಾ ಚುನಾವಣೆಯಲ್ಲಿ ಮತಗಟ್ಟೆ ಸಮೀಕ್ಷೆಗಳು ಆಡಳಿತ ಕೂಟಕ್ಕೆ ೩೫೦ಕ್ಕೂ ಮಿಕ್ಕು ಸ್ಥಾನಗಳನ್ನು ಹಂಚಿದವು, ದೊರೆತದ್ದು ೨೯೩.

ಉತ್ತರವಿದ್ದರೆ ಆರನೆಯ ಪ್ರಶ್ನೆಯೊಂದನ್ನು ಸೇರಿಸಿಕೊಳ್ಳಬೇಕು: ಯಾರನ್ನು ಕೇಳಲಿಲ್ಲ? ಸರ್ಕಾರವು ಸಮೀಕ್ಷೆಯನ್ನು ನೋಡಿ ಜನರು ನೆಮ್ಮದಿಯಾಗಿದ್ದಾರೆಂದು ತಿಳಿದು ಕೈಕಟ್ಟಿ ಕುಳಿತರೆ, ಅದರ ಫಲವನ್ನು ಉಣ್ಣುವವನು ಬೀಗ ಹಾಕಿಕೊಂಡು ಹೋದವನೇ. ಐದು ವರ್ಷಕ್ಕೊಮ್ಮೆ, ಬಸ್ಸಿನ ಖರ್ಚು ಹೊಂದಿಸಿಕೊಂಡು ಊರಿಗೆ ಮರಳಿ ಮತ ಹಾಕಿದಾಗ ಮಾತ್ರ ಅವನ ಅಭಿಪ್ರಾಯವು ಲೆಕ್ಕಕ್ಕೆ ಬರುತ್ತದೆ. ನಡುವಣ ದಿನಗಳಲ್ಲಿ ಅದನ್ನು ಹುಡುಕಿಕೊಂಡು ಹೋಗಿ ಕೇಳುವ ಸಮೀಕ್ಷೆಯು ಹುಟ್ಟಿದ ದಿನ, ಜನಾಭಿಪ್ರಾಯವೆಂಬ ಮಾತಿಗೆ ಅರ್ಥ ಬಂದೀತು.